ಸಂಗೀತಗಾರರ ಕಾರ್ಯಕ್ರಮ ಕ್ಯಾಲೆಂಡರ್: ರೆಡಿ ಪ್ಲಗಿನ್ ಸಾಕಾ, ಸ್ವಂತದ್ದು ಬರೆಸಬೇಕಾ?

ಬ್ಯಾಂಡ್‌ಗೋ ಒಬ್ಬ ಗಾಯಕರಿಗೋ ವೆಬ್‌ಸೈಟ್ ಮಾಡೋವಾಗ ಫೋಟೋ, ಪರಿಚಯ, ವಿಡಿಯೋ ಎಲ್ಲಾ ಸಲೀಸಾಗಿ ಮುಗಿದೋಗುತ್ತೆ, 'ಮುಂದಿನ ಕಾರ್ಯಕ್ರಮಗಳು' ಅನ್ನೋ ಪೇಜಿಗೆ ಬಂದಾಗಲೇ ಎಲ್ಲರೂ ತಲೆ ಕೆರ್ಕೊಳ್ಳೋದು. ಗೂಗಲ್ ಕ್ಯಾಲೆಂಡರ್ ತಂದು ಅಂಟಿಸಿಬಿಡೋಣ ಅಂತ ಒಬ್ರು, ಫ್ರೀ ಪ್ಲಗಿನ್ (ಸೈಟಿಗೆ ಹೊಸ ಸೌಲಭ್ಯ ಸೇರಿಸೋ ಸಣ್ಣ ಸಾಫ್ಟ್‌ವೇರ್) ಬೇಕಾದಷ್ಟಿದೆಯಲ್ಲ ಅಂತ ಇನ್ನೊಬ್ರು, ಅದೆಲ್ಲಾ ಯಾಕೆ ನಮಗೆ ಬೇಕಾದಂಗೇ ಒಂದು ಪ್ಲಗಿನ್ ಬರೆಸಿಬಿಡೋಣ ಅಂತ ಮತ್ತೊಬ್ರು. ಕೊನೇದು ಕೇಳೋಕೆ ಚೆನ್ನಾಗಿರುತ್ತೆ, ದುಡ್ಡು ಜಾಸ್ತಿ ಹೋಗೋದೂ ಅದಕ್ಕೇನೇ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಕಸ್ಟಮ್ ಪ್ಲಗಿನ್ ಬೇಕು ಅಂತ ಬರೋರಲ್ಲಿ ಸುಮಾರು ಜನಕ್ಕೆ ನಿಜವಾಗಿ ಬೇಕಿರೋದು ಬೇರೆ ಥರ ಕಾಣೋ ಲಿಸ್ಟು, ಅದಕ್ಕೆ ಪ್ಲಗಿನ್ ಬೇಡ, ಥೀಮಲ್ಲಿ ನಾಲ್ಕು ಸಾಲು ಸಿಎಸ್ಎಸ್ (ಪೇಜಿನ ನೋಟ ತಿದ್ದೋ ಕೋಡ್) ಸಾಕು. ಪ್ಲಗಿನ್ ಬರೆಸಬೇಕಾ ಬೇಡ್ವಾ ಅನ್ನೋದನ್ನ ನಿರ್ಧರಿಸೋದು ಪ್ರೇಕ್ಷಕರಿಗೆ ಕಾಣೋ ಭಾಗ ಅಲ್ಲ, ಅವರಿಗೆ ಕಾಣಬಾರದ ಭಾಗ.

ಮೊದಲು ನಿಮಗೆ ಏನು ಬೇಕು ಅಂತ ನೋಡ್ಕೊಳಿ

ಡೇಟ್ ಹಾಕೋರು ಯಾರು? ಒಬ್ಬರೇ ಕಲಾವಿದರು, ಅವರೇ ಫೋನಲ್ಲಿ ಹಾಕ್ಕೋತಾರೆ ಅಂದ್ರೆ ಒಂದು ಕತೆ. ಮ್ಯಾನೇಜರ್ ಹಾಕ್ತಾರೆ, ಡ್ರಮ್ಮರ್ ನೋಡ್ತಾರೆ, ಕೀಬೋರ್ಡ್ ನುಡಿಸೋರು ಇನ್ನೂ ಎರಡು ಬ್ಯಾಂಡಲ್ಲಿ ಇದ್ದಾರೆ ಅಂದ್ರೆ ಅದು ಬೇರೇನೇ ಕತೆ. ಗಾಡೀಲಿ ಕೂತು ಒಂದು ಕೈಯಲ್ಲಿ ಡೇಟ್ ಹಾಕೋಕೆ ಆಗದ ಸಿಸ್ಟಮ್ ಎಷ್ಟೇ ಚೆನ್ನಾಗಿದ್ರೂ ಯಾರೂ ಬಳಸಲ್ಲ, ಮತ್ತೆ ವಾಟ್ಸಾಪ್ ಗ್ರೂಪಿಗೇ ವಾಪಸ್.

ಎರಡನೇದು, ಯಾವ ಮಾಹಿತಿ ಯಾರಿಗೆ ಕಾಣಬೇಕು. ಪ್ರೇಕ್ಷಕರಿಗೆ ದಿನ, ಜಾಗ, ಶುರುವಾಗೋ ಟೈಮ್, ಟಿಕೆಟ್ ಲಿಂಕ್ ಇದ್ರೆ ಆಯ್ತು. ನುಡಿಸೋರಿಗೆ ಅದರ ಜೊತೆ ಸಾಮಾನು ಇಳಿಸೋ ಟೈಮ್, ಸೌಂಡ್‌ಚೆಕ್, ಎಷ್ಟೊತ್ತಿಗೆ ಮುಗಿಸಬೇಕು ಇವೆಲ್ಲಾ ಬೇಕು. ಸಂಭಾವನೆ, ಆಯೋಜಕರ ನಂಬರ್ ಇವು ಮ್ಯಾನೇಜರ್‌ಗೆ ಮಾತ್ರ. ಮನೆ ಫಂಕ್ಷನ್ ಥರದ ಖಾಸಗಿ ಕಾರ್ಯಕ್ರಮ ಆದ್ರೆ ಹೊರಗಡೆ 'ಆ ದಿನ ಬುಕ್ ಆಗಿದೆ' ಅಂತ ಬಿಟ್ಟು ಬೇರೇನೂ ಕಾಣಬಾರ್ದು.

ಮೂರನೇದು ಸ್ಟೇಟಸ್. ಸಾಮಾನ್ಯ ಕ್ಯಾಲೆಂಡರ್‌ಗೆ ಕಾರ್ಯಕ್ರಮ ಇದೆ ಅಥವಾ ಇಲ್ಲ, ಎರಡೇ ಗೊತ್ತು. ಸಂಗೀತದಲ್ಲಿ ಹೋಲ್ಡ್ ಅಂತ ಒಂದಿದೆ, ಅಂದ್ರೆ ಪಕ್ಕಾ ಮಾಡದೇ ದಿನವನ್ನ ಸದ್ಯಕ್ಕೆ ಹಿಡಿದಿಡೋದು, ಒಂದು ದಿನಕ್ಕೆ ಮೊದಲ ಹೋಲ್ಡ್ ಒಬ್ಬರದ್ದು, ಎರಡನೇ ಹೋಲ್ಡ್ ಇನ್ನೊಬ್ಬರದ್ದು, ಎರಡನೆಯವರು ನಾವು ಪಕ್ಕಾ ಮಾಡೋಕೆ ರೆಡಿ ಅಂತ ಚಾಲೆಂಜ್ ಮಾಡಿದ್ರೆ ಮೊದಲನೆಯವರು ಗಡುವಿನೊಳಗೆ ಪಕ್ಕಾ ಮಾಡಬೇಕು ಇಲ್ಲಾ ಬಿಟ್ಟುಕೊಡಬೇಕು. ಇದನ್ನೆಲ್ಲಾ ಈಗ ಎಕ್ಸೆಲ್ ಶೀಟಲ್ಲೋ ಮ್ಯಾನೇಜರ್ ತಲೆಯಲ್ಲೋ ಇಟ್ಕೊಂಡಿರ್ತಾರೆ. ಇನ್ನು ಮುಂದೂಡಿದ್ದು ಬೇರೆ, ರದ್ದಾಗಿದ್ದು ಬೇರೆ, ಹೊಸ ದಿನ ಸಿಕ್ಕಿದ್ದು ಬೇರೆ, ಇಷ್ಟನ್ನೂ ಡಿಲೀಟ್ ಬಟನ್ ಒಂದರಲ್ಲೇ ನಿಭಾಯಿಸೋಕೆ ಆಗಲ್ಲ.

ಆಮೇಲೆ, ಮಾಹಿತಿ ಹೊರಗೆ ಎಲ್ಲೆಲ್ಲಿಗೆ ಹೋಗಬೇಕು: ಗೂಗಲ್ ಹುಡುಕಾಟದಲ್ಲಿ ಬರಬೇಕಾ, ಅಭಿಮಾನಿಗಳ ಫೋನ್ ಕ್ಯಾಲೆಂಡರ್‌ಗೆ ಹೋಗಬೇಕಾ. ಕೊನೇದಾಗಿ, ಎರಡು ವರ್ಷ ಆದ್ಮೇಲೆ ಇದನ್ನ ನೋಡ್ಕೊಳ್ಳೋರು ಯಾರು. ಈ ಪ್ರಶ್ನೆ ಯಾರೂ ಕೇಳಲ್ಲ, ಖರ್ಚು ಅತಿ ಹೆಚ್ಚು ಬರೋದು ಇದರಿಂದಾನೇ.

ಗೂಗಲ್ ಕ್ಯಾಲೆಂಡರ್ ಅಂಟಿಸೋದು

ಖರ್ಚಿಲ್ಲ, ಐದು ನಿಮಿಷದ ಕೆಲಸ, ಎಲ್ಲರಿಗೂ ಬಳಸೋಕೆ ಬರುತ್ತೆ, ಫೋನಲ್ಲಿ ಹಾಕಿದ ತಕ್ಷಣ ಸೈಟಲ್ಲಿ ಬರುತ್ತೆ. ಡೇಟ್ ಹಾಕೋ ಸುಲಭದಲ್ಲಿ ಇದನ್ನ ಮೀರಿಸೋದು ಕಷ್ಟ. ತೊಂದರೆ ಏನಂದ್ರೆ ಅದು ಬರೋದು ಐಫ್ರೇಮ್ ಒಳಗೆ, ಅಂದ್ರೆ ನಿಮ್ಮ ಪೇಜಿನೊಳಗೆ ಬೇರೆಯವರ ಪೇಜು, ಆದ್ರಿಂದ ನಿಮ್ಮ ಸೈಟಿನ ಹೆಸರಲ್ಲಿ ಆ ಕಾರ್ಯಕ್ರಮಗಳು ಹುಡುಕಾಟದಲ್ಲಿ ಬರೋದಿಲ್ಲ, ನೋಟಾನೂ ನಿಮ್ಮ ಕೈಲಿಲ್ಲ, ಸಣ್ಣ ಸ್ಕ್ರೀನಲ್ಲಿ ತಿಂಗಳ ನೋಟ ಓದೋಕಾಗಲ್ಲ. ಇದನ್ನೇ ಹಾಕೋದಾದ್ರೆ ತಿಂಗಳ ನೋಟ ಬಿಟ್ಟು ಅಜೆಂಡಾ (ಲಿಸ್ಟ್ ಥರದ) ನೋಟ ಆರಿಸ್ಕೊಳಿ, ಹೊರಗೆ ತೋರಿಸೋಕೆ ಒಂದು ಕ್ಯಾಲೆಂಡರ್, ಒಳಗಿನ ಮಾತಿಗೆ ಇನ್ನೊಂದು ಅಂತ ಬೇರೆ ಬೇರೇನೇ ಮಾಡ್ಕೊಳಿ. ಒಂದೇ ಕ್ಯಾಲೆಂಡರ್ ಪಬ್ಲಿಕ್ ಮಾಡಿಟ್ಟು ವಿವರಣೆ ಜಾಗದಲ್ಲಿ ಸಂಭಾವನೆ ಬರೆದಿಟ್ರೆ ಅದನ್ನ ಊರೆಲ್ಲಾ ಓದುತ್ತೆ.

ತಿಂಗಳಿಗೆ ಒಂದೆರಡು ಕಾರ್ಯಕ್ರಮ ಇರೋ ಒಬ್ಬ ಕಲಾವಿದರಿಗೆ ಇಷ್ಟು ಸಾಕು, ನಿಜವಾಗ್ಲೂ ಸಾಕು.

ಬ್ಯಾಂಡ್ಸ್‌ಇನ್‌ಟೌನ್ ಥರದ ಸೇವೆಗಳ ವಿಜೆಟ್

ಇಲ್ಲಿ ಲಾಭ ಇರೋದು ಕ್ಯಾಲೆಂಡರ್‌ನಲ್ಲಲ್ಲ, ಜನರಲ್ಲಿ. ಬ್ಯಾಂಡ್ಸ್‌ಇನ್‌ಟೌನ್ 2007ರಿಂದ ಇದೆ, ಅಲ್ಲಿ ನಿಮ್ಮನ್ನ ಫಾಲೋ ಮಾಡೋರಿಗೆ ನೀವು ಹತ್ತಿರ ಬಂದಾಗ ಸೂಚನೆ ಹೋಗುತ್ತೆ, ಒಂದು ಸಲ ಅಲ್ಲಿ ಹಾಕಿದ್ರೆ ವಿಜೆಟ್ (ನಿಮ್ಮ ಪೇಜಲ್ಲಿ ಅಂಟಿಸೋ ಪುಟ್ಟ ಕೋಡ್ ತುಂಡು) ಮೂಲಕ ನಿಮ್ಮ ಸೈಟಲ್ಲೂ ಬರುತ್ತೆ. ಊರೂರು ತಿರುಗೋ ಬ್ಯಾಂಡ್‌ಗೆ ಇದು ಒಳ್ಳೆ ವ್ಯವಹಾರ. ಆದ್ರೆ ಹೋಲ್ಡ್ ಇಲ್ಲ, ಒಳಗಿನ ಮಾಹಿತಿ ಇಲ್ಲ, ವಿಜೆಟ್ ಲೋಡ್ ಆಗದ ದಿನ ನಿಮ್ಮ ಪೇಜು ಖಾಲಿ, ಮತ್ತೆ ಅವರು ನಾಳೆ ನಿಯಮ ಬದಲಾಯಿಸಿದ್ರೆ ನಿಮಗೆ ಕೇಳೋ ಹಕ್ಕಿಲ್ಲ. ಹಾಗಾಗಿ ಇದನ್ನ ಪ್ರಚಾರದ ಒಂದು ದಾರಿ ಅಂತ ಇಟ್ಕೊಳಿ, ನಿಮ್ಮ ದಾಖಲೆಯ ಮೂಲ ಅದಾಗಬಾರ್ದು.

ವಿಕ್ಸ್, ಸ್ಕ್ವೇರ್‌ಸ್ಪೇಸ್, ಸಂಗೀತಗಾರರಿಗೇ ಅಂತ ಇರೋ ಬ್ಯಾಂಡ್‌ಝೂಗಲ್ ಇವುಗಳಲ್ಲಿ ಸೈಟ್ ಕಟ್ಟಿದ್ರೆ ಇವೆಂಟ್ ಸೌಲಭ್ಯ ಅಲ್ಲೇ ಬರುತ್ತೆ. ತಿಂಗಳ ಬಾಡಿಗೆ ಕೊಡ್ತಾ ಇರಬೇಕು, ಬದಲಿಗೆ ಅಪ್‌ಡೇಟ್ ತಲೆನೋವು ಅವರದ್ದು. ಆಗಲೇ ಅಲ್ಲಿದ್ರೆ ಅಲ್ಲೇ ಇರಿ, ಬರೀ ಕ್ಯಾಲೆಂಡರ್‌ಗೋಸ್ಕರ ವರ್ಡ್‌ಪ್ರೆಸ್‌ಗೆ (ಸೈಟ್ ಕಟ್ಟೋ ಉಚಿತ ಸಾಫ್ಟ್‌ವೇರ್) ಬರೋ ಕಷ್ಟ ತಗೋಬೇಡಿ.

ರೆಡಿ ಇವೆಂಟ್ ಪ್ಲಗಿನ್

ವರ್ಡ್‌ಪ್ರೆಸ್ ಸೈಟ್ ಇರೋರಿಗೆ ಮೊದಲು ಟ್ರೈ ಮಾಡ್ಬೇಕಾದ್ದು ಇದೇ. ದಿ ಇವೆಂಟ್ಸ್ ಕ್ಯಾಲೆಂಡರ್ ಅಂತ ಇರೋದು ಅದರಲ್ಲಿ ತುಂಬಾ ಹೆಸರು ಮಾಡಿರೋದು, ಫ್ರೀ ಆವೃತ್ತಿಯಲ್ಲೇ ತಿಂಗಳ ನೋಟ, ಲಿಸ್ಟ್ ನೋಟ, ಜಾಗಗಳ ಪಟ್ಟಿ, ಒಂದೊಂದು ಕಾರ್ಯಕ್ರಮಕ್ಕೂ ಬೇರೆ ಟೈಮ್ ಝೋನ್, ಕ್ಯಾಲೆಂಡರ್‌ಗೆ ಸೇರಿಸೋ ಲಿಂಕ್ ಎಲ್ಲಾ ಇದೆ. ಪ್ರತಿ ಶುಕ್ರವಾರ ಅದೇ ಜಾಗದಲ್ಲಿ ನುಡಿಸ್ತೀವಿ ಅಂತ ಮರುಕಳಿಸೋ ಕಾರ್ಯಕ್ರಮ ಹಾಕೋಕೆ ಮಾತ್ರ ದುಡ್ಡು ಕೊಡೋ ಪ್ರೊ ಬೇಕು. ಗೂಗಲ್‌ಗೆ ಅರ್ಥ ಆಗೋ ಸ್ಕೀಮಾ ಮಾಹಿತೀನೂ ಅದೇ ಹಾಕ್ಕೊಳುತ್ತೆ.

ಇಂಥ ಪ್ಲಗಿನ್‌ಗಳ ದೌರ್ಬಲ್ಯ ಅಂದ್ರೆ ಇವು ಎಲ್ಲಾ ಥರದ ಕಾರ್ಯಕ್ರಮಕ್ಕೆ ಅಂತ ಮಾಡಿದವು, ಸಮ್ಮೇಳನ, ಕಾರ್ಯಾಗಾರ, ಮಕ್ಕಳ ಶಿಬಿರ ಎಲ್ಲದಕ್ಕೂ. ಪಕ್ಕವಾದ್ಯದವರು ಯಾರು, ಅವರು ಆ ದಿನ ಖಾಲಿ ಇದ್ದಾರಾ, ಗೇಟ್ ತೆಗೆಯೋದು ಎಷ್ಟೊತ್ತಿಗೆ ಶೋ ಶುರು ಎಷ್ಟೊತ್ತಿಗೆ ಅನ್ನೋ ವ್ಯತ್ಯಾಸ, ಇವಕ್ಕೆ ಜಾಗಾನೇ ಇರಲ್ಲ. ಜನ ಆಗ ಏನು ಮಾಡ್ತಾರೆ ಅಂದ್ರೆ ಎಲ್ಲಾನೂ ವಿವರಣೆ ಬಾಕ್ಸಲ್ಲಿ ಬರೀತಾರೆ, ಆರು ತಿಂಗಳಾದ್ಮೇಲೆ ಒಂದೊಂದು ಎಂಟ್ರಿ ಒಂದೊಂದು ಥರ ಇರುತ್ತೆ.

ರೆಡಿ ಪ್ಲಗಿನ್ ಮೇಲೆ ಸಣ್ಣ ಆಡ್‌ಆನ್

ಸುಮಾರು ಜನ ನೋಡದೇ ದಾಟಿ ಹೋಗೋ ದಾರಿ ಇದು, ನನಗೆ ಎಲ್ಲಕ್ಕಿಂತ ಇಷ್ಟ ಆಗೋದೂ ಇದೇ. ವರ್ಡ್‌ಪ್ರೆಸ್‌ನಲ್ಲಿ ಹುಕ್ ಅಂತ ಇರುತ್ತೆ, ಬೇರೆ ಪ್ಲಗಿನ್ ಕೆಲಸ ಮಾಡ್ತಾ ಇರೋವಾಗ ನಡುವೆ ನಿಮ್ಮ ಕೋಡ್ ಸೇರಿಸೋ ಜಾಗ. ಕ್ಯಾಲೆಂಡರ್, ಟೈಮ್ ಝೋನ್, ಫೀಡ್ (ಫೋನ್ ಕ್ಯಾಲೆಂಡರ್‌ಗೆ ಡೇಟ್ ಕಳಿಸೋದು) ಇವೆಲ್ಲಾ ಕಷ್ಟದ ಕೆಲಸ ರೆಡಿ ಪ್ಲಗಿನ್ ಮಾಡ್ಲಿ, ನೀವು ಬರೆಸೋ ಕೆಲವು ನೂರು ಸಾಲಿನ ಪುಟ್ಟ ಪ್ಲಗಿನ್ ಬರೀ ಸೌಂಡ್‌ಚೆಕ್ ಟೈಮ್, ನುಡಿಸೋರ ಪಟ್ಟಿ, ಹೋಲ್ಡ್ ಸ್ಟೇಟಸ್, ಮ್ಯಾನೇಜರ್‌ಗೆ ಮಾತ್ರ ಕಾಣೋ ಸಂಭಾವನೆ ಕಾಲಂ ಇಷ್ಟನ್ನ ಸೇರಿಸ್ಲಿ. ಒಂದೇ ದಿನ ಇಬ್ಬರಿಗೆ ಒಪ್ಪಿಕೊಂಡಿದ್ದೀವಾ ಅಂತ ನೋಡೋ ಚೆಕ್ ಕೂಡ ದೊಡ್ಡ ವಿಷ್ಯ ಅಲ್ಲ: ಹೊಸದರ ಶುರು ಹಳೇದರ ಕೊನೆಗಿಂತ ಮುಂಚೆ ಇದ್ದು, ಹೊಸದರ ಕೊನೆ ಹಳೇದರ ಶುರುವಿಗಿಂತ ಆಮೇಲೆ ಇದ್ರೆ ಎರಡೂ ಡಿಕ್ಕಿ ಅಂತ ಲೆಕ್ಕ. ಪ್ರಯಾಣದ ಟೈಮನ್ನೂ ಎರಡೂ ಕಡೆ ಸೇರಿಸಿ ನೋಡೋಕೆ ಹೇಳಿ, ಮಧ್ಯಾಹ್ನ ಒಂದೂರಲ್ಲಿ ರಾತ್ರಿ ಇನ್ನೊಂದೂರಲ್ಲಿ ಅಂತ ಒಪ್ಪಿಕೊಳ್ಳೋರೇ ಜಾಸ್ತಿ.

ಕಷ್ಟ ಇಲ್ಲಾ ಅಂತಲ್ಲ. ಮೂಲ ಪ್ಲಗಿನ್ ದೊಡ್ಡ ಬದಲಾವಣೆ ಮಾಡಿದಾಗ ನಿಮ್ಮದು ಮುರಿಯಬಹುದು. ದಿ ಇವೆಂಟ್ಸ್ ಕ್ಯಾಲೆಂಡರ್ 2022ರಲ್ಲಿ 6.0 ತಂದಾಗ ಕಾರ್ಯಕ್ರಮದ ದಿನಾಂಕಗಳಿಗೆ ಸ್ವಂತ ಡೇಟಾಬೇಸ್ ಟೇಬಲ್‌ಗಳನ್ನ ಮಾಡ್ಕೊಳ್ತು, ಹಳೇ ಟೇಬಲ್‌ನಿಂದ ನೇರವಾಗಿ ಓದ್ತಾ ಇದ್ದ ಕೋಡ್‌ಗಳಿಗೆಲ್ಲಾ ಅಪಾಯ ಇರೋದು ಇಂಥ ಹೊತ್ತಲ್ಲೇ. ಅದಕ್ಕೆ ಬರೆಯೋರಿಗೆ ಒಂದು ಷರತ್ತು ಹಾಕಿ, ಡೇಟಾಬೇಸ್ ನೇರ ಮುಟ್ಟಬಾರ್ದು, ಮೂಲ ಪ್ಲಗಿನ್ ಕೊಟ್ಟಿರೋ ಫಂಕ್ಷನ್ ಮೂಲಕವೇ ಹೋಗಬೇಕು ಅಂತ.

ಪೂರ್ತಿ ಸ್ವಂತದ್ದು

ಸರಿ, ಈಗ ಅಸಲಿ ವಿಷ್ಯ. ಪೂರ್ತಿ ಕಸ್ಟಮ್ ಯಾವಾಗ ಬೇಕು ಅಂದ್ರೆ, ಒಬ್ಬರದ್ದಲ್ಲ ಹತ್ತಾರು ಕಲಾವಿದರ ಡೇಟ್‌ಗಳನ್ನ ಒಂದೇ ಕಡೆ ನೋಡ್ಕೊಳ್ಳೋ ಏಜೆನ್ಸಿ, ಅಥವಾ ಒಬ್ಬರೇ ನಾಲ್ಕು ತಂಡದಲ್ಲಿ ನುಡಿಸೋ ಕಲಾವಿದರ ಕೂಟ, ಹೋಲ್ಡ್‌ಗಳ ಸರದಿ, ಯಾರು ಯಾವುದಕ್ಕೆ ಹೂಂ ಅಂದ್ರು ಅನ್ನೋ ದಾಖಲೆ, ಇಂಥವು ಇದ್ದಾಗ. ಆಗ ರೆಡಿ ಪ್ಲಗಿನ್ ಮೇಲೆ ಆಡ್‌ಆನ್ ಹೇರ್ತಾ ಹೋದ್ರೆ ಆಡ್‌ಆನೇ ಮೂಲಕ್ಕಿಂತ ದೊಡ್ಡದಾಗಿಬಿಡುತ್ತೆ.

ಬರೆಸೋದಾದ್ರೆ ಈ ಕೆಲವು ವಿಷ್ಯದಲ್ಲಿ ಬಿಗಿಯಾಗಿರಿ, ಕೋಡ್ ಬರದೇ ಇರೋರೂ ಕೇಳಬಹುದಾದ ಪ್ರಶ್ನೆಗಳೇ ಇವು.

ದಿನಾಂಕ ಎಲ್ಲಿ ಉಳಿಯುತ್ತೆ ಅಂತ ಕೇಳಿ. ವರ್ಡ್‌ಪ್ರೆಸ್‌ನಲ್ಲಿ ಸುಲಭದ ದಾರಿ ಅಂದ್ರೆ ಕಸ್ಟಮ್ ಪೋಸ್ಟ್ ಟೈಪ್ (ಕಾರ್ಯಕ್ರಮಕ್ಕೇ ಅಂತ ಬೇರೆ ಬಗೆಯ ಪೋಸ್ಟ್) ಮಾಡಿ ದಿನಾಂಕವನ್ನ ಪೋಸ್ಟ್‌ಮೆಟಾ ಟೇಬಲ್‌ಗೆ ಹಾಕೋದು. ಅಲ್ಲಿ ಮಾಹಿತಿ ಇಡೋ ಕಾಲಂ ಲಾಂಗ್‌ಟೆಕ್ಸ್ಟ್ (ಉದ್ದನೆ ಪಠ್ಯ), ಅದಕ್ಕೆ ಬೇಗ ಹುಡುಕೋಕೆ ನೆರವಾಗೋ ಇಂಡೆಕ್ಸ್ ಇಲ್ಲ, ಅಂದ್ರೆ 'ಇವತ್ತಿಂದ ಮುಂದಿನದ್ದೆಲ್ಲಾ ಕೊಡು' ಅಂದಾಗ ಅದು ಅಕ್ಷರ ಓದಿ ಓದಿ ಹೋಲಿಸ್ಬೇಕು. ಒಂದು ಬ್ಯಾಂಡ್‌ನ ಇನ್ನೂರು ಶೋಗೆ ಇದು ಲೆಕ್ಕಕ್ಕೇ ಇಲ್ಲ, ಹತ್ತಾರು ಕಲಾವಿದರ ಹತ್ತು ವರ್ಷದ ದಾಖಲೆ ಇದ್ರೆ ದಿನಾಂಕಕ್ಕೆ ಸ್ವಂತ ಟೇಬಲ್ ಬೇಕು. ಇನ್ನೂರು ಶೋಗೆ ಸ್ವಂತ ಟೇಬಲ್ ಮಾಡ್ತೀನಿ ಅಂತ ಯಾರಾದ್ರೂ ಕೊಟೇಶನ್ ಏರಿಸಿದ್ರೆ ಅದೂ ಬೇಡ ಅನ್ನಿ.

ಟೈಮ್ ಝೋನ್. ಮುಂದೆ ಆಗೋ ಕಾರ್ಯಕ್ರಮವನ್ನ ಬರೀ ಯುಟಿಸಿಗೆ (ಜಗತ್ತಿಗೆಲ್ಲಾ ಒಂದೇ ಆಗಿರೋ ಆಧಾರ ಸಮಯ) ಬದಲಾಯಿಸಿ ಇಡೋದು ತಪ್ಪು, ಪ್ರೋಗ್ರಾಮರ್‌ಗಳು ಇದನ್ನ ಅಭ್ಯಾಸಬಲದಿಂದ ಮಾಡ್ತಾರೆ. ಮೆಕ್ಸಿಕೋ 2022ರ ಅಕ್ಟೋಬರ್‌ನಲ್ಲಿ ದೇಶದ ಬಹುಪಾಲು ಕಡೆ ಡೇಲೈಟ್ ಸೇವಿಂಗ್ (ಬೇಸಿಗೇಲಿ ಗಡಿಯಾರ ಒಂದು ಗಂಟೆ ಮುಂದಿಡೋ ಪದ್ಧತಿ) ಕೈಬಿಡ್ತು. 2023ರ ಬೇಸಿಗೆಯ ರಾತ್ರಿ 8 ಗಂಟೆ ಶೋವನ್ನ ಹಳೇ ನಿಯಮದ ಪ್ರಕಾರ ಯುಟಿಸಿ ಮಾಡಿಟ್ಟಿದ್ರೆ, ನಿಯಮ ಬದಲಾದ ಮೇಲೆ ಅದು 7 ಗಂಟೆ ಅಂತ ತೋರಿಸುತ್ತೆ. ಅಲ್ಲಿನ ಗಡಿಯಾರದ ಟೈಮ್ ಮತ್ತೆ ಝೋನ್ ಹೆಸರು ಎರಡನ್ನೂ ಇಡಬೇಕು, ಯುಟಿಸಿ ಬೇಕಾದ್ರೆ ಅದರಿಂದ ಲೆಕ್ಕ ಹಾಕ್ಕೊಳ್ಳಿ. ಹಾಗೇ ರಾತ್ರಿ 11ಕ್ಕೆ ಶುರುವಾಗಿ 1ಕ್ಕೆ ಮುಗಿಯೋ ಶೋ ಎರಡು ದಿನದ ಕಾರ್ಯಕ್ರಮ ಥರ ಕಾಣಬಾರ್ದು.

ಗುಟ್ಟು ಸೋರೋದು. ಇದು ನನಗೆ ಎಲ್ಲಕ್ಕಿಂತ ಭಯ. 2016ರ ಡಿಸೆಂಬರ್‌ನ 4.7 ಆವೃತ್ತಿಯಿಂದ ವರ್ಡ್‌ಪ್ರೆಸ್‌ನ ಪ್ರಕಟವಾದ ಪೋಸ್ಟು, ಪೇಜುಗಳು ರೆಸ್ಟ್ ಎಪಿಐ (ಬೇರೆ ಪ್ರೋಗ್ರಾಂಗಳು ಸೈಟಿನ ಮಾಹಿತಿ ಕೇಳಿ ಪಡೆಯೋ ದಾರಿ) ಮೂಲಕ ಹೊರಗಿಂದ ಓದೋ ಥರ ಬಂದ್ವು. ಹೊಸ ಎಡಿಟರ್‌ನಲ್ಲಿ ಕಾಣಲಿ ಅಂತ ಡೆವಲಪರ್ ಒಂದು ಸೆಟ್ಟಿಂಗ್ ಆನ್ ಮಾಡಿ, ಸಂಭಾವನೆ ಫೀಲ್ಡನ್ನೂ ಅದರ ಜೊತೆಗೇ ತೆರೆದಿಟ್ರೆ, ಪೇಜಲ್ಲಿ ಎಲ್ಲೂ ಕಾಣಲ್ಲ ಆದ್ರೆ ಎಪಿಐ ವಿಳಾಸ ಬ್ರೌಸರಲ್ಲಿ ಹೊಡೆದೋರಿಗೆ ನೀವು ಯಾರ ಹತ್ರ ಎಷ್ಟು ತಗೊಂಡ್ರಿ ಅಂತ ಪೂರ್ತಿ ಪಟ್ಟಿ ಸಿಗುತ್ತೆ. ಸಿಎಸ್ಎಸ್‌ನಲ್ಲಿ ಮರೆಮಾಡಿದ್ದು ಮರೆಮಾಡಿದ್ದಲ್ಲ, ಅನುಮತಿ ನೋಡಿ ಸರ್ವರೇ ಕೊಡದೇ ಇರಬೇಕು. ಚಾಟ್‌ಬಾಟ್ ಹತ್ರ ಪ್ಲಗಿನ್ ಬರೆಸೋರು ಈಗ ಜಾಸ್ತಿ, ಬರೆಸಿ ಪರವಾಗಿಲ್ಲ, ಕಾಣೋ ಭಾಗ ಅದು ಚೆನ್ನಾಗೇ ಬರೆಯುತ್ತೆ, ಅನುಮತಿ ಚೆಕ್ಕು, ಫಾರ್ಮಲ್ಲಿ ನಾನ್ಸು (ಕೋರಿಕೆ ಅಸಲಿನಾ ಅಂತ ನೋಡೋ ಗುರುತು), ಹೊರಗೆ ತೋರಿಸೋ ಮುಂಚೆ ಎಸ್ಕೇಪ್ ಮಾಡೋದು (ಯಾರಾದ್ರೂ ತುರುಕಿದ ಕೋಡ್ ಓಡದಂಗೆ ಮಾಡೋದು) ಇವನ್ನ ಮಾತ್ರ ಗೊತ್ತಿರೋರು ಒಬ್ಬರು ಕೂತು ಓದಲೇಬೇಕು.

ಕ್ಯಾಲೆಂಡರ್ ಫೀಡ್. ಅಭಿಮಾನಿಗಳು ಒಂದು ಸಲ ಸಬ್‌ಸ್ಕ್ರೈಬ್ ಮಾಡಿದ್ರೆ ನಿಮ್ಮ ಡೇಟ್‌ಗಳು ಅವರ ಫೋನಿಗೆ ಹೋಗ್ತಾ ಇರಬೇಕು, ಅದಕ್ಕೆ ಐಕ್ಯಾಲೆಂಡರ್ ಅನ್ನೋ ಫಾರ್ಮ್ಯಾಟ್, ಅದರ ಈಗಿನ ಮೂಲ ನಿಯಮದ ದಾಖಲೆ 2009ರ ಆರ್‌ಎಫ್‌ಸಿ 5545. ನೋಡೋಕೆ ಬರೀ ಟೆಕ್ಸ್ಟ್ ಫೈಲು, ಎಲ್ಲರೂ ಒಂದು ಗಂಟೇಲಿ ಬರೆದುಬಿಡಬಹುದು ಅನ್ಕೋತಾರೆ. ಒಂದೊಂದು ಕಾರ್ಯಕ್ರಮಕ್ಕೂ ಯಾವತ್ತೂ ಬದಲಾಗದ ಯುಐಡಿ (ಅದಕ್ಕೆ ಮಾತ್ರ ಇರೋ ಗುರುತು) ಇರಬೇಕು, ಇಲ್ಲಾಂದ್ರೆ ಟೈಮ್ ಬದಲಾಯಿಸಿದಾಗ ಎಷ್ಟೋ ಆ್ಯಪ್‌ಗಳಲ್ಲಿ ಹಳೇದರ ಪಕ್ಕ ಹೊಸದೊಂದು ಕೂತ್ಕೊಳುತ್ತೆ. ಇನ್ನೊಂದು, ಒಂದು ಸಾಲು 75 ಬೈಟ್ ದಾಟಬಾರದು, ದಾಟಿದ್ರೆ ಮಡಿಸಬೇಕು, ಅಂದ್ರೆ ಮುರಿದು ಮುಂದಿನ ಸಾಲಿಗೆ ತಗೋಬೇಕು. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒತ್ತಕ್ಷರ, ಗುಣಿತ ಎಲ್ಲಾ ಬೇರೆ ಬೇರೆ ಸಂಕೇತ, ಹಾಗಾಗಿ ಕಾರ್ಯಕ್ರಮದ ಹೆಸರು ಕನ್ನಡದಲ್ಲಿದ್ರೆ ಸಾಲು ತುಂಬೋದು ಬಹಳ ಬೇಗ, ಅಕ್ಷರದ ಮಧ್ಯಕ್ಕೇ ಕತ್ತರಿ ಬಿದ್ರೆ ಕೆಲವು ಆ್ಯಪ್‌ನಲ್ಲಿ ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳು. ಇಂಗ್ಲಿಷಲ್ಲಿ ಮಾತ್ರ ಟೆಸ್ಟ್ ಮಾಡೋ ಡೆವಲಪರ್‌ಗೆ ಇದು ಕಣ್ಣಿಗೇ ಬೀಳಲ್ಲ. ಇದಕ್ಕೆ ಈಗಾಗಲೇ ಲೈಬ್ರರಿಗಳಿವೆ, ಕೈಯಾರೆ ಬರೆಯೋಕೆ ಬಿಡಬೇಡಿ. ಹಾಗೇ ತಿಂಗಳ ನೋಟ ಬೇಕಿದ್ರೆ ಫುಲ್‌ಕ್ಯಾಲೆಂಡರ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿಯ ಸಾಮಾನ್ಯ ಆವೃತ್ತಿ ಎಂಐಟಿ ಲೈಸೆನ್ಸಲ್ಲಿ ಉಚಿತವಾಗಿದೆ, ಚೌಕ ಬಿಡಿಸೋಕೆ ಯಾರಿಗೂ ದುಡ್ಡು ಕೊಡೋ ಅಗತ್ಯ ಇಲ್ಲ.

ಗೂಗಲ್ ಹುಡುಕಾಟಕ್ಕೆ ಸ್ಕೀಮಾದಲ್ಲಿ ಮ್ಯೂಸಿಕ್‌ಇವೆಂಟ್ ಅಂತಾನೇ ಒಂದು ಬಗೆ ಇದೆ, ಹೆಸರು, ಶುರು ದಿನಾಂಕ, ಜಾಗ ಇವು ಇರಲೇಬೇಕು. ರದ್ದಾದಾಗ ಪೇಜ್ ತೆಗೀಬಾರ್ದು, ದಿನಾಂಕ ಹಾಗೇ ಬಿಟ್ಟು ಸ್ಟೇಟಸ್ ಮಾತ್ರ ರದ್ದು ಅಂತ ಬದಲಾಯಿಸ್ಬೇಕು. ಪೇಜೇ ಹೋದ್ರೆ ಟಿಕೆಟ್ ತಗೊಂಡೋರಿಗೆ ಏನಾಯ್ತು ಅಂತಾನೇ ಗೊತ್ತಾಗಲ್ಲ.

ರಿಮೈಂಡರ್ ಮೇಲ್ ಬೇಕು ಅನ್ನೋರು ಇದನ್ನೂ ತಿಳ್ಕೊಳಿ, ವರ್ಡ್‌ಪ್ರೆಸ್‌ನ ಕ್ರಾನ್ (ನಿಗದಿತ ಟೈಮಿಗೆ ಕೆಲಸ ಓಡಿಸೋ ವ್ಯವಸ್ಥೆ) ನಿಜವಾದ ಅಲಾರಾಂ ಅಲ್ಲ, ಯಾರಾದ್ರೂ ಸೈಟಿಗೆ ಬಂದಾಗ ಮಾತ್ರ ಓಡುತ್ತೆ. ಜನ ಕಮ್ಮಿ ಬರೋ ಸೈಟಲ್ಲಿ ಸೌಂಡ್‌ಚೆಕ್ ರಿಮೈಂಡರ್ ಸೌಂಡ್‌ಚೆಕ್ ಮುಗಿದ ಮೇಲೆ ಬರುತ್ತೆ. ಸರ್ವರ್‌ನ ಕ್ರಾನ್‌ಗೆ ಕಟ್ಟಿಸಿ.

ಯಾರಿಗೆ ಯಾವುದು

ದುಡ್ಡು ಅತಿ ಕಮ್ಮಿ, ಟೈಮ್ ಇದೆ ಅಂದ್ರೆ ಗೂಗಲ್ ಕ್ಯಾಲೆಂಡರ್ ಎರಡು ಮಾಡ್ಕೊಂಡು ಶುರು ಮಾಡಿ. ಪ್ರವಾಸ ಜಾಸ್ತಿ, ಅಭಿಮಾನಿಗಳು ಬೇರೆ ಬೇರೆ ಊರಲ್ಲಿ ಅಂದ್ರೆ ರೆಡಿ ಪ್ಲಗಿನ್ ಜೊತೆ ಬ್ಯಾಂಡ್ಸ್‌ಇನ್‌ಟೌನ್, ಎರಡು ಕಡೆ ಹಾಕೋ ಶ್ರಮ ಇದೆ ಆದ್ರೆ ಅದಕ್ಕೆ ತಕ್ಕ ಫಲಾನೂ ಇದೆ. ನಾಲ್ಕೈದು ಜನರ ತಂಡ, ಒಬ್ಬ ಮ್ಯಾನೇಜರ್, ಡೇಟ್ ಡಿಕ್ಕಿ ಆಗ್ತಾ ಇದೆ ಅಂದ್ರೆ ಆಡ್‌ಆನ್. ಪೂರ್ತಿ ಸ್ವಂತದ್ದಕ್ಕೆ ಹೋಗೋ ಮುಂಚೆ ಬರೆಸೋ ಖರ್ಚಿನ ಪಕ್ಕದಲ್ಲಿ ಪ್ರತಿ ವರ್ಷದ ಖರ್ಚು ಅಂತ ಇನ್ನೊಂದು ಸಾಲು ಬರೀರಿ, ವರ್ಡ್‌ಪ್ರೆಸ್ ಬದಲಾಗುತ್ತೆ, ಅದನ್ನ ಬರೆದಿರೋ ಪಿಎಚ್‌ಪಿ ಭಾಷೆ ಬದಲಾಗುತ್ತೆ, ಹೋಸ್ಟಿಂಗ್‌ನವರು ಹಳೇ ಆವೃತ್ತಿ ಒಂದಿನ ತೆಗೆದುಬಿಡ್ತಾರೆ. ಆ ಎರಡನೇ ಸಾಲಿಗೆ ದುಡ್ಡೋ ಜನವೋ ಇಲ್ಲ ಅಂದ್ರೆ ಆಡ್‌ಆನ್‌ಗೇ ಇಳೀರಿ, ಅವಮಾನ ಏನಿಲ್ಲ ಅದರಲ್ಲಿ.

ಯಾವುದನ್ನೇ ಆರಿಸಿದ್ರೂ ಕೋಡ್ ಮತ್ತೆ ಡೇಟಾ ಎರಡೂ ನಿಮ್ಮ ಕೈಲಿರಬೇಕು. ಕೋಡ್ ನಿಮ್ಮದೇ ಅಕೌಂಟ್‌ನ ರೆಪೋದಲ್ಲಿ (ಕೋಡ್ ಇಡೋ ಜಾಗ), ಡೇಟಾ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯೋ ಫೈಲ್) ಆಗಿ ಇಳಿಸ್ಕೊಳ್ಳೋ ಬಟನ್. ಪ್ಲಗಿನ್ ಡಿಲೀಟ್ ಮಾಡಿದ್ರೆ ಹಳೇ ಕಾರ್ಯಕ್ರಮಗಳೂ ಅಳಿಸಿ ಹೋಗ್ತವಾ ಉಳೀತಾವಾ ಅಂತಾನೂ ಕೇಳಿಟ್ಕೊಳಿ, ಕೆಲವರು ಅಳಿಸೋ ಥರ ಬರೆದಿರ್ತಾರೆ.

ಕೊನೆ ಕಂತು ಕೊಡೋ ಮುಂಚೆ ಟೆಸ್ಟ್ ಸೈಟಲ್ಲಿ ನೀವೇ ಕೂತು ಒಂದು ನಕಲಿ ಶೋ ಹಾಕಿ. ಕನ್ನಡದಲ್ಲಿ ಉದ್ದದ ಹೆಸರು, ಬೇರೆ ದೇಶದ ಟೈಮ್ ಝೋನ್, ರಾತ್ರಿ 11ರಿಂದ 1, ಸಂಭಾವನೆ ಜಾಗದಲ್ಲಿ ಯಾವುದೋ ಒಂದು ಅಂಕಿ. ಬೇರೆ ಫೋನಿಂದ ಫೀಡ್ ಸಬ್‌ಸ್ಕ್ರೈಬ್ ಮಾಡಿ, ಲಾಗಿನ್ ಇಲ್ಲದ ಬ್ರೌಸರಿಂದ ಪೇಜೂ ಎಪಿಐ ವಿಳಾಸಾನೂ ತೆಗೆದು ಆ ಅಂಕಿ ಎಲ್ಲಾದ್ರೂ ಇದೆಯಾ ಹುಡುಕಿ. ಆಮೇಲೆ ಶೋವನ್ನ ಒಂದು ವಾರ ಮುಂದಕ್ಕೆ ಹಾಕಿ, ಅದಾದ್ಮೇಲೆ ರದ್ದು ಮಾಡಿ. ಫೋನಲ್ಲಿ ಬದಲಾವಣೆ ಬರೋಕೆ ಗಂಟೆಗಟ್ಟಲೆ ಹಿಡಿಯಬಹುದು, ಗೂಗಲ್ ಕ್ಯಾಲೆಂಡರ್ ಹೊರಗಿನ ಫೀಡ್‌ಗಳನ್ನ ತನ್ನ ಪುರುಸೊತ್ತಲ್ಲೇ ನೋಡೋದು, ಹಾಗಾಗಿ ಮಾರನೇ ದಿನ ತೆಗೆದು ನೋಡಿ. ಒಂದೇ ಎಂಟ್ರಿ ಇದ್ದು ರದ್ದು ಅಂತ ತೋರಿಸಿದ್ರೆ, ಇಲ್ಲಾ ರದ್ದಾಯ್ತು ಅಂತ ಆ್ಯಪ್ ಅದನ್ನ ತೆಗೆದಿದ್ರೆ ದುಡ್ಡು ಕೊಡಿ, ಎರಡು ಎಂಟ್ರಿ ಇದ್ರೆ ಕೆಲಸ ಇನ್ನೂ ಬಾಕಿ ಇದೆ ಅಂತ ಹೇಳಿ.